ಗ್ರಾಫಿಕ್ ಫೆಸಿಲಿಟೇಶನ್: ಸಭೆಯ ಮಾತು ಚಿತ್ರವಾದಾಗ

ಸಭೆಯಲ್ಲಿ ಜನ ಮಾತಾಡುತ್ತಿರುವಾಗಲೇ ಆ ಮಾತನ್ನು ಗೆರೆ, ಬಾಣ, ಪುಟ್ಟ ಚಿತ್ರ, ನಾಲ್ಕಾರು ಪದಗಳಲ್ಲಿ ಎಲ್ಲರ ಕಣ್ಣೆದುರು ದೊಡ್ಡದಾಗಿ ಬಿಡಿಸುವುದು, ಆಮೇಲೆ ಆ ಚಿತ್ರವನ್ನೇ ಹಿಡಿದು ಚರ್ಚೆ ಮುಂದುವರಿಸುವುದು. ಇದಕ್ಕೆ ಗ್ರಾಫಿಕ್ ಫೆಸಿಲಿಟೇಶನ್ ಅನ್ನುತ್ತಾರೆ. ವಿಶುವಲ್ ಫೆಸಿಲಿಟೇಶನ್ ಅಂದರೂ ಹೆಚ್ಚುಕಮ್ಮಿ ಇದೇ. ಚಿತ್ರ ಚೆಂದ ಇರಬೇಕು ಅಂತೇನಿಲ್ಲ. ಹಿಂದಿನ ಸಾಲಿನವರಿಗೂ ಕಾಣಬೇಕು. ಯಾರು ಬೇಕಾದರೂ ಎದ್ದು "ಇದು ತಪ್ಪು, ಅಳಿಸಿ" ಅನ್ನುವಂತಿರಬೇಕು.

ಗ್ರಾಫಿಕ್ ರೆಕಾರ್ಡಿಂಗ್ ಅಂತ ಇನ್ನೊಂದಿದೆ. ಎರಡೂ ಒಂದೇ ಅಂದುಕೊಳ್ಳುವವರು ಜಾಸ್ತಿ. ರೆಕಾರ್ಡಿಂಗ್ ಮಾಡುವವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ, ಬಿಡಿಸುತ್ತಾರೆ, ಚರ್ಚೆಗೆ ಬಾಯಿ ಹಾಕುವುದಿಲ್ಲ. ಕೊನೆಗೆ ಬಣ್ಣಬಣ್ಣದ ಪೋಸ್ಟರ್ ಸಿದ್ಧ, ಅದರ ಮುಂದೆ ಎಲ್ಲರ ಗ್ರೂಪ್ ಫೋಟೋ. ಮೈಸೂರಿನ ಹೋಟೆಲ್ ಹಾಲ್‌ಗಳಲ್ಲಿ ನಡೆಯುವ ಕಂಪನಿ ವರ್ಕ್‌ಶಾಪ್‌ಗಳಿಗೆ ಇದೇ ಇಷ್ಟ. ನೆನಪಿಗೆ ಒಳ್ಳೆಯದೇ. ಆದರೆ ಫೆಸಿಲಿಟೇಟರ್ ಕೆಲಸ ಬೇರೆ. ಪೆನ್ನು ಹಿಡಿದವರು ತಿರುಗಿ ಕೇಳುತ್ತಾರೆ: "ನೀವು ಹೇಳಿದ್ದು ಈ ಕಡೆಗೆ ಸೇರುತ್ತಾ, ಆ ಕಡೆಗಾ? ಈ ಎರಡರ ನಡುವೆ ಬಾಣ ಹಾಕಲಾ?" ಸಭೆ ತಿರುವು ತೆಗೆದುಕೊಳ್ಳುವುದೇ ಆ ಪ್ರಶ್ನೆಯಲ್ಲಿ.

ಗೋಡೆ ತುಂಬ ಹಾಳೆ ಅಂಟಿಸಿ ಸಭೆ ನಡೆಸುವ ಈ ರೀತಿ ಒಂದು ವೃತ್ತಿಯಾಗಿ ಬೆಳೆದದ್ದು 1970ರ ದಶಕದಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ. ಅಲ್ಲಿನ ಡೇವಿಡ್ ಸಿಬೆಟ್ 1977ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ನಮ್ಮ ಕಡೆಗೆ ಇದು ಬಂದದ್ದು ಗೋಡೆಯಿಂದಲ್ಲ, ನೆಲದಿಂದ. 1980ರ ದಶಕದ ಕೊನೆಯ ಹೊತ್ತಿಗೆ ಪಿಆರ್‌ಎ, ಅಂದರೆ ಜನರೇ ಸೇರಿ ತಮ್ಮ ಊರನ್ನು ಅಳೆದು ನೋಡುವ ವಿಧಾನ, ಭಾರತದಲ್ಲಿ ಬೇರು ಬಿಟ್ಟಿತು. ಅದನ್ನು ಜಗತ್ತಿಗೆಲ್ಲ ಪರಿಚಯಿಸಿದವರಲ್ಲಿ ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಮುಖ್ಯರು. ಶುರುವಿನಲ್ಲೇ ಅದನ್ನು ಹಳ್ಳಿಗಳಲ್ಲಿ ಮಾಡಿ ನೋಡಿದ ಸಂಸ್ಥೆಗಳಲ್ಲಿ ಮೈರಾಡ ಒಂದು. ಹೆಸರಿನಲ್ಲೇ ಮೈಸೂರು ಇಟ್ಟುಕೊಂಡ ಸಂಸ್ಥೆ ಅದು, ಟಿಬೆಟನ್ ನಿರಾಶ್ರಿತರಿಗೆ ನೆಲೆ ಒದಗಿಸುವ ಕೆಲಸಕ್ಕಾಗಿ 1968ರಲ್ಲಿ ಹುಟ್ಟಿದ್ದು. ಪಿಆರ್‌ಎಯಲ್ಲಿ ಮಾರ್ಕರ್ ಬದಲು ರಂಗೋಲಿ ಪುಡಿ, ಕಲ್ಲು, ಎಲೆ, ಹುಣಸೆ ಬೀಜ. ನಮ್ಮ ಮೈಸೂರು, ಮಂಡ್ಯ ಭಾಗಕ್ಕೆ ಅದೇ ಹೆಚ್ಚು ಒಗ್ಗುತ್ತದೆ ಅನ್ನುವುದು ನನ್ನ ಲೆಕ್ಕ. ಮಾರ್ಕರ್ ಕೊಟ್ಟರೆ ಹಿಂಜರಿಯುವ ಅಜ್ಜಿಗೂ ರಂಗೋಲಿ ಪುಡಿ ಹೊಸದಲ್ಲ.

ಮದ್ದೂರು ಕಡೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಒಂದು ಊರು ಅಂದುಕೊಳ್ಳಿ. ನೀರು ಬಳಕೆದಾರರ ಸಂಘದ ಸಭೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಲೆಕ್ಕದಲ್ಲಿ, ನೀರು ಬಿಟ್ಟಿದ್ದಾರೆ, ಕೊನೆ ಗದ್ದೆಗೆ ಮಾತ್ರ ತಲುಪಿಲ್ಲ. ಮಾತಲ್ಲೇ ಸಭೆ ನಡೆಸಿದರೆ ಏನಾಗುತ್ತೆ ಗೊತ್ತಲ್ಲ. ಜೋರು ದನಿಯ ಇಬ್ಬರು, ಹಳೇ ಜಗಳ, ಎದ್ದು ಹೋಗುವುದು. ಈಗ ಅದೇ ಜನರನ್ನು ಅರಳಿಕಟ್ಟೆ ಮುಂದೆ ನಿಲ್ಲಿಸಿ, ನೆಲದ ಮೇಲೆ ನಾಲೆ ಎಳೆಯಿರಿ ಅನ್ನಿ. ಒಬ್ಬರು ಬಿಳಿ ಪುಡಿಯಲ್ಲಿ ಗೆರೆ ಎಳೆಯುತ್ತಾರೆ. ಒಂದೊಂದು ತೂಬಿಗೆ ಒಂದೊಂದು ಕಲ್ಲು. ಕಬ್ಬಿದ್ದ ಕಡೆ ಸೋಗೆ ತುಂಡು, ಬತ್ತದ ಕಡೆ ಒಂದು ಹಿಡಿ ಹುಲ್ಲು. "ಆ ತೂಬು ಅಲ್ಲಲ್ಲ, ಹುಣಸೆಮರ ದಾಟಿದ ಮೇಲೆ" ಅಂತ ಯಾರೋ ಬಗ್ಗಿ ಕಲ್ಲು ಸರಿಸುತ್ತಾರೆ. ಮೊದಲ ಜಗಳ ಕಲ್ಲಿನ ಮೇಲೆ. ಆಗಲಿ ಬಿಡಿ, ಮನುಷ್ಯರ ಮೇಲಲ್ಲವಲ್ಲ! ಸ್ವಲ್ಪ ಹೊತ್ತಿಗೆ ಸೋಗೆ ತುಂಡುಗಳೆಲ್ಲ ನಾಲೆಯ ತಲೆ ಕಡೆಗೇ ಗುಂಪಾಗಿರುವುದು ಕಣ್ಣಿಗೆ ಬೀಳುತ್ತದೆ. ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಅಷ್ಟರವರೆಗೆ ಸುಮ್ಮನಿದ್ದ, ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಒಂದು ಕಡ್ಡಿ ತಗೊಂಡು ನಾಲೆಗೆ ಅಡ್ಡ ಇಡುತ್ತಾನೆ: "ರಾತ್ರಿ ಇಲ್ಲಿ ಅಡ್ಡ ಕಟ್ತಾರೆ." ಯಾರು ಅಂತ ಅವನು ಹೇಳುವುದಿಲ್ಲ. ಹೇಳಬೇಕಾಗೂ ಇಲ್ಲ.

ಮಾತು ಆಡಿದವರಿಗೆ ಅಂಟಿಕೊಂಡಿರುತ್ತದೆ. "ಅವನು ಹೇಳಿದ್ದು" ಅಂತಲೇ ಅದನ್ನು ಒಪ್ಪುತ್ತೇವೆ, ಇಲ್ಲ ತಳ್ಳಿಹಾಕುತ್ತೇವೆ. ನೆಲದ ಮೇಲೋ ಗೋಡೆಯ ಮೇಲೋ ಇಳಿದ ಮೇಲೆ ಅದು ಎಲ್ಲರದ್ದು. ಹೇಳಿದ್ದನ್ನೇ ಹತ್ತು ಸಲ ಹೇಳುವವರೂ ತಮ್ಮ ಮಾತು ಅಲ್ಲಿ ಕಂಡರೆ ತಣ್ಣಗಾಗುತ್ತಾರೆ.

ನಕ್ಷೆ ಮಾತ್ರವಲ್ಲ, ಬೇರೆ ರೂಪಗಳೂ ಇವೆ. ಚಪಾತಿ ಚಿತ್ರ ಅಂತ ಒಂದಿದೆ, ಹೆಸರೇ ಹಾಗೆ. ಹಾಲಿನ ಡೈರಿ, ಪಂಚಾಯ್ತಿ, ಸೊಸೈಟಿ, ಆಸ್ಪತ್ರೆ, ಒಂದೊಂದಕ್ಕೂ ಒಂದು ದುಂಡನೆಯ ಕಾಗದ. ಮುಖ್ಯವಾದದ್ದಕ್ಕೆ ದೊಡ್ಡದು, ಕೈಗೆ ಸಿಗುವಂಥದ್ದನ್ನು ಊರಿನ ಹತ್ತಿರ ಇಡಬೇಕು. ದೊಡ್ಡ ಚಪಾತಿ ದೂರದಲ್ಲಿ ಬಿದ್ದಿದ್ದರೆ ಆ ಸಭೆಯ ಅಜೆಂಡಾ ಅದೇ. ಇನ್ನೊಂದು ಋತುಗಳ ಕ್ಯಾಲೆಂಡರ್. ಎಚ್.ಡಿ. ಕೋಟೆ ಕಡೆಯ ಹಾಡಿಗಳಿಂದ, ಅಂದರೆ ಆದಿವಾಸಿಗಳ ಊರುಗಳಿಂದ, ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುವ ಕುಟುಂಬಗಳಿವೆ. ಅಲ್ಲಿನ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತಿಂಗಳಿಗೊಂದು ಚೌಕ ಎಳೆದು, ಕೂಲಿ ಇದ್ದ ತಿಂಗಳಿಗೆ ಹುರುಳಿ, ಮಕ್ಕಳು ಶಾಲೆ ತಪ್ಪಿಸುವ ತಿಂಗಳಿಗೆ ಅವರೆಕಾಳು ಇಡಿಸಿ. ಎರಡೂ ಒಂದೇ ಚೌಕದಲ್ಲಿ ರಾಶಿ ಬಿದ್ದರೆ "ಪೋಷಕರಿಗೆ ಕಾಳಜಿ ಇಲ್ಲ" ಅನ್ನುವ ಮಾತಿಗೆ ಬಲ ಉಳಿಯುವುದಿಲ್ಲ.

ಇದರಲ್ಲೂ ಮೋಸ ಆಗುತ್ತದೆ. ಪುಡಿ ಯಾರ ಕೈಯಲ್ಲಿದೆ ಅನ್ನುವುದು ಸಣ್ಣ ವಿಷಯ ಅಲ್ಲ. ದೇವಸ್ಥಾನದ ಮುಂದೆ, ಊರ ಗೌಡರ ಪೈಕಿಯವರೇ ಕೂತು ನಕ್ಷೆ ಹಾಕಿದರೆ ಅವರ ಬೀದಿಯಲ್ಲಿ ಮನೆಮನೆಯೂ ಇರುತ್ತದೆ, ದಲಿತರ ಕೇರಿ ಒಂದೇ ಚೌಕವಾಗಿ ಮೂಲೆ ಸೇರುತ್ತದೆ. ಅದಕ್ಕೇ ಹೆಂಗಸರಿಂದ ಬೇರೆ, ಕೇರಿಯವರಿಂದ ಬೇರೆ ನಕ್ಷೆ ಹಾಕಿಸಿ, ಆಮೇಲೆ ಅಕ್ಕಪಕ್ಕ ಇಟ್ಟು ನೋಡುವುದು ವಾಡಿಕೆ. ಗಂಡಸರ ನಕ್ಷೆಯಲ್ಲಿ ಇಲ್ಲದ ಕೆಟ್ಟು ನಿಂತ ಬೋರ್‌ವೆಲ್ ಹೆಂಗಸರ ನಕ್ಷೆಯಲ್ಲಿ ಸಿಗಬಹುದು. ಇನ್ನೊಂದು ಕೆಟ್ಟ ಅಭ್ಯಾಸ, ಹೊರಗಿನಿಂದ ಬಂದವರು ಚಾರ್ಟ್ ಸುತ್ತಿಕೊಂಡು ಜೀಪ್ ಹತ್ತುವುದು. ನೆಲದ ಚಿತ್ರವನ್ನು ಅಲ್ಲೇ ಹಾಳೆಗೆ ಇಳಿಸಿ, ತಾರೀಖು ಮತ್ತು ಬಿಡಿಸಿದವರ ಹೆಸರು ಬರೆದು, ಒಂದು ಪ್ರತಿ ಊರಲ್ಲೇ ಬಿಡಬೇಕು.

ಹಾಲ್‌ನೊಳಗೆ ಹಾಳೆಯ ಮೇಲೆ ಮಾಡುವವರಿಗೆ ಒಂದೆರಡು ಮಾತು. ಮೊನೆ ಚೂಪಾದ ಪೆನ್ನು ಬೇಡ, ಪಟ್ಟಿಯಂಥ ಮೊನೆಯ ಮಾರ್ಕರ್ ಇರಲಿ. ಅಕ್ಷರಕ್ಕೆ ಕಪ್ಪು ಅಥವಾ ಕಡುನೀಲಿ; ಹಳದಿಯಲ್ಲಿ ಬರೆದರೆ ದೂರಕ್ಕೆ ಏನೂ ಕಾಣಲ್ಲ. ಇಂಗ್ಲಿಷ್‌ನವರು ಕ್ಯಾಪಿಟಲ್ ಅಕ್ಷರ ಬಳಸಿ ಒತ್ತು ಕೊಡುತ್ತಾರೆ, ಕನ್ನಡದಲ್ಲಿ ಆ ಅನುಕೂಲ ಇಲ್ಲ. ಮುಖ್ಯ ಪದವನ್ನು ದೊಡ್ಡದು ಮಾಡಿ, ಇಲ್ಲವೇ ಸುತ್ತ ಒಂದು ಚೌಕ ಎಳೆಯಿರಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಸಾಲಿನ ನಡುವೆ ಅಷ್ಟು ಬಿಡದಿದ್ದರೆ "ಸಮಸ್ಯೆ"ಯ ಬಾಲ ಕೆಳಗಿನ ಸಾಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮನುಷ್ಯನ ಚಿತ್ರಕ್ಕೆ ಒಂದು ಸೊನ್ನೆ, ಐದು ಗೆರೆ ಸಾಕು.