ಗಂಡನ ಹೆಸರಿನ ವೀಸಾ

ಕಾಸರಗೋಡಿನ ಗಡಿಭಾಗದಲ್ಲಿ ಗಲ್ಫ್ ಹುಡುಗನ ಸಂಬಂಧ ಕೂಡಿಬಂದಾಗ, ಫ್ಯಾಮಿಲಿ ವೀಸಾ ಮಾಡಿಸುವಷ್ಟು ಸಂಬಳ ಆತನಿಗಿದೆಯೇ ಎಂದು ಹೆಣ್ಣಿನ ಕಡೆಯವರು ವಿಚಾರಿಸುವುದುಂಟು. ಆ ವೀಸಾವನ್ನು ರದ್ದು ಮಾಡಿಸುವ ಅಧಿಕಾರ ಯಾರ ಕೈಯಲ್ಲಿರುತ್ತದೆ ಎಂದು ವಿಚಾರಿಸುವವರು ಅಪರೂಪ. ಗಂಡನ ಪ್ರಾಯೋಜಕತ್ವದಲ್ಲಿ ವಿದೇಶದಲ್ಲಿರುವ ಹೆಣ್ಣು ಅವನ ಹೊಡೆತದ ವಿರುದ್ಧ ಪೊಲೀಸರಲ್ಲಿಗೆ ಹೋದರೆ, ದೂರಿನ ಜತೆಗೆ ತನ್ನ ವಾಸದ ಹಕ್ಕನ್ನೂ ಪಣಕ್ಕಿಟ್ಟಂತಾಗುತ್ತದೆ.

ಈ ಕಟ್ಟುಪಾಡಿನ ಬೇರು ಹಿಂಸೆಯನ್ನು ಕುರಿತ ಚರ್ಚೆಯಲ್ಲಿಲ್ಲ, ವೀಸಾಕ್ಕಾಗಿಯೇ ಮಾಡಿಕೊಳ್ಳುವ ನಕಲಿ ಮದುವೆಗಳ ಭಯದಲ್ಲಿದೆ. ಅಮೆರಿಕದಲ್ಲಿ ವಿದೇಶಿ ಸಂಗಾತಿಗೆ ವಾಸದ ಹಕ್ಕು ಕೊಡಿಸುವ ಮದುವೆಗಳಲ್ಲಿ ಸುಮಾರು ಶೇ 30ರಷ್ಟು ಮೋಸವೆಂದು ವಲಸೆ ಇಲಾಖೆ ಸಂಸತ್ತಿನ ಮುಂದೆ ಹೇಳಿತು. ಆ ಅಂದಾಜಿಗೆ ಗಟ್ಟಿ ಆಧಾರವಿರಲಿಲ್ಲವೆಂದು ತಿಳಿಯುವ ಹೊತ್ತಿಗೆ, ಹೊಸ ದಂಪತಿಗಳಿಗೆ ಎರಡು ವರ್ಷಗಳ ಷರತ್ತಿನ ವಾಸ ವಿಧಿಸುವ 1986ರ ಕಾನೂನು ಜಾರಿಯಾಗಿತ್ತು. ಷರತ್ತು ತೆಗೆಸಲು ಗಂಡನ ಸಹಿ ಬೇಕಿತ್ತು. ಹಿಂಸೆಗೊಳಗಾದವರಿಗೆ 1990ರಲ್ಲಿ ವಿನಾಯಿತಿಯೂ, 1994ರಲ್ಲಿ ಸ್ವತಃ ಅರ್ಜಿ ಸಲ್ಲಿಸುವ ಅವಕಾಶವೂ ದೊರೆತವು. ಆದರೆ ಮದುವೆ ನಿಜವೆಂದು ಸಾಬೀತುಪಡಿಸಲು ಕೇಳುವ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ವಿದ್ಯುತ್ ಬಿಲ್ಲುಗಳಲ್ಲಿ ಹೊಸದಾಗಿ ಬಂದ ಹೆಂಡತಿಯ ಹೆಸರೇ ಇಲ್ಲದಿರುವುದು ಸಾಮಾನ್ಯ. ಅದೂ ಅಲ್ಲದೆ, ಆ ಅವಕಾಶ ಗಂಡ ಪೌರನೋ ಕಾಯಂ ನಿವಾಸಿಯೋ ಆಗಿದ್ದರೆ ಮಾತ್ರ. ಎಚ್-1ಬಿ ನೌಕರನ ಹೆಂಡತಿಯಾಗಿ ಎಚ್-4 ವೀಸಾದಲ್ಲಿ ಹೋದವಳಿಗೆ ಅದು ಅನ್ವಯಿಸಲಿಲ್ಲ.

ಬ್ರಿಟನ್ನಿನಲ್ಲಿ ಬದಲಾವಣೆಯ ಹಿಂದೆ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳದೇ ಹೋರಾಟವಿದೆ. 1979ರಲ್ಲಿ ಪಶ್ಚಿಮ ಲಂಡನ್ನಿನಲ್ಲಿ ಹುಟ್ಟಿದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆಯ ಒತ್ತಡದಿಂದ 1999ರಲ್ಲಿ ಹಿಂಸೆಗೊಳಗಾದ ಹೆಂಡತಿಗೆ ಉಳಿಯುವ ರಿಯಾಯಿತಿ ಬಂದು, 2002ರಲ್ಲಿ ಅದು ವಲಸೆ ನಿಯಮಗಳೊಳಗೆ ಸೇರಿತು. ಆದರೂ ಸರ್ಕಾರಿ ನೆರವಿಗೆ ಅರ್ಹತೆಯಿಲ್ಲವೆಂಬ ಷರತ್ತಿದ್ದುದರಿಂದ ಆಶ್ರಯಧಾಮಗಳ ಬಾಗಿಲು ಇವರಿಗೆ ತೆರೆಯುವುದು ಕಷ್ಟವಿತ್ತು. 2012ರ ಏಪ್ರಿಲ್‌ನಲ್ಲಿ ಮೂರು ತಿಂಗಳ ನೆರವು ಮಂಜೂರಾಯಿತು. ವಿಚಿತ್ರವೆಂದರೆ ಅದೇ ಜುಲೈಯಲ್ಲಿ ಕಾಯಂ ವಾಸಕ್ಕೆ ಕಾಯುವ ಅವಧಿಯನ್ನು ಎರಡರಿಂದ ಐದು ವರ್ಷಕ್ಕೆ ಏರಿಸಲಾಯಿತು. ನೌಕರರ ಮತ್ತು ವಿದ್ಯಾರ್ಥಿಗಳ ಸಂಗಾತಿಗಳಿಗೆ ಆ ಅಲ್ಪಾವಧಿಯ ನೆರವು ತಲುಪಿದ್ದು 2024ರಲ್ಲಿ, ಅದೂ ಕಾಯಂ ವಾಸದ ದಾರಿಯಿಲ್ಲದೆ.

ನಮ್ಮೂರಿನ ಹೆಚ್ಚಿನವರು ಹೋಗುವ ಗಲ್ಫಿನಲ್ಲಿ ಪ್ರಶ್ನೆ ಇನ್ನೂ ಜಟಿಲ. ಅಲ್ಲಿ ಸಾಮಾನ್ಯ ನೌಕರನ ಹೆಂಡತಿಗೆ ಇಷ್ಟು ವರ್ಷ ಕಾದರೆ ಕಾಯಂ ವಾಸ ಎಂಬ ಕೊನೆಯಿಲ್ಲ. ವೀಸಾ ನವೀಕರಣವಾಗುತ್ತ ಹೋದರೂ ಅವಲಂಬನೆ ಹಾಗೆಯೇ ಉಳಿಯುತ್ತದೆ. ಸ್ವಂತ ಕೆಲಸದ ವೀಸಾದಲ್ಲಿರುವ ನರ್ಸ್‌ಗಳ ಸ್ಥಿತಿ ಬೇರೆ. ಸಂಯುಕ್ತ ಅರಬ್ ಸಂಸ್ಥಾನವು 2018ರಲ್ಲಿ ವಿಧವೆಯರಿಗೂ ವಿಚ್ಛೇದಿತೆಯರಿಗೂ ಪ್ರಾಯೋಜಕರಿಲ್ಲದೆ ಒಂದು ವರ್ಷ ಉಳಿಯುವ ಅವಕಾಶ ನೀಡಿತು. 2019ರಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ ಕಾನೂನು ತಂದು ರಕ್ಷಣಾ ಆದೇಶಕ್ಕೂ ದಾರಿ ಮಾಡಿತು. ಆದರೆ ಹೊಡೆತ ತಿನ್ನುತ್ತಿದ್ದೂ ವಿಚ್ಛೇದನವಾಗದವಳು ಮೊದಲನೆಯ ಸೌಲಭ್ಯದ ಹೊರಗೇ ಉಳಿದಳು.

ಹಾಗಾಗಿ ಹಲವರಿಗೆ ತವರಿಗೆ ಮರಳುವುದೇ ಉಳಿಯುವ ದಾರಿ, ಮತ್ತು ಕಾನೂನಿನ ಮುಂದಿನ ಅಧ್ಯಾಯ ತೆರೆಯುವುದು ಇಲ್ಲೇ. ತಾತ್ಕಾಲಿಕವಾಗಿ ವಾಸಿಸುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಸಲ್ಲಿಸಬಹುದೆಂದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೇಳುತ್ತದೆ. ಗಂಡನ ಮನೆ ಬಿಟ್ಟುಬಂದವಳು ಆಶ್ರಯ ಪಡೆದ ಸ್ಥಳದಲ್ಲೇ ಕ್ರೌರ್ಯದ ಪ್ರಕರಣ ದಾಖಲಿಸಬಹುದೆಂದು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಸ್ಪಷ್ಟಪಡಿಸಿತು. ಅಂದರೆ ಕುಂಬಳೆಯ ತವರಿಗೆ ಬಂದವಳು ಅಲ್ಲೇ ದೂರು ಕೊಡಬಹುದು. ಕೇರಳದ 181 ಸಹಾಯವಾಣಿ, ಅಲ್ಲಿನ ಸರ್ಕಾರದ ಮಹಿಳಾ ಯೋಜನೆಯಾದ ಕುಟುಂಬಶ್ರೀಯ ಸ್ನೇಹಿತಾ ಕೇಂದ್ರಗಳ ನೆರವೂ ಇದೆ. ಆದರೆ ಕೃತ್ಯವೆಲ್ಲ ವಿದೇಶದಲ್ಲೇ ನಡೆದಿದ್ದರೆ ವಿಚಾರಣೆಗೆ ಕೇಂದ್ರ ಸರ್ಕಾರದ ಮಂಜೂರಾತಿ ಬೇಕು, ಮತ್ತು ಕಾಸರಗೋಡಿನ ನ್ಯಾಯಾಲಯದ ಸಮನ್ಸನ್ನು ದುಬೈನಲ್ಲಿ ಕುಳಿತವನಿಗೆ ಮುಟ್ಟಿಸುವುದೇ ದೊಡ್ಡ ಕೆಲಸ. ಅನಿವಾಸಿ ಭಾರತೀಯರ ವಿವಾಹ ನೋಂದಣಿ ಮಸೂದೆಯು 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದಾಗ ಇಂಥ ಸಮನ್ಸ್‌ಗಳನ್ನು ಜಾಲತಾಣದ ಮೂಲಕ ಜಾರಿ ಮಾಡುವ ಪ್ರಸ್ತಾವ ಅದರಲ್ಲಿತ್ತು. 2024ರಲ್ಲಿ ಕಾನೂನು ಆಯೋಗವು ತನ್ನ 287ನೆಯ ವರದಿಯಲ್ಲಿ ಇನ್ನೂ ವಿಸ್ತಾರವಾದ ಕಾನೂನು ಬೇಕೆಂದು ಶಿಫಾರಸು ಮಾಡಿತು.