ಕಾರ್ನಿವಲ್ ಕೆಲಸಗಾರರ ಎಚ್-2ಬಿ ವೀಸಾ: ಲಾಬಿ ನಡೆಯುವುದು ಎಲ್ಲಿ?

ಅಮೆರಿಕದ ವೀಸಾ ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ಎಚ್-1ಬಿ. ಬೆಂಗಳೂರಿನ ಐಟಿಯವರ ಮನೆಗಳಲ್ಲಿ ಅದರದ್ದೇ ಮಾತು. ಈ ಟಿಪ್ಪಣಿ ಎಚ್-2ಬಿ ಬಗ್ಗೆ. ಇದು ಹೊಲದ ಕೆಲಸ ಬಿಟ್ಟು ಬೇರೆ ಹಂಗಾಮಿನ ಕೆಲಸಗಳಿಗೆ ಕೊಡುವ ವೀಸಾ. ಹುಲ್ಲುಹಾಸು ಕತ್ತರಿಸುವುದು, ಹೋಟೆಲ್ ರೂಮು ಗುಡಿಸುವುದು, ಏಡಿ ಬಿಡಿಸುವುದು, ಹೀಗೆ. ಊರಿಂದೂರಿಗೆ ಲಾರಿಗಳಲ್ಲಿ ಹೋಗುವ ಕಾರ್ನಿವಲ್‌ಗಳಿಗೂ ಜನ ಬರುವುದು ಇದೇ ವೀಸಾದಲ್ಲಿ. ಜೈಂಟ್ ವೀಲ್ ಕಟ್ಟುವವರು, ಓಡಿಸುವವರು, ಮೇಳ ಮುಗಿದ ರಾತ್ರಿಯೇ ಅದನ್ನು ಬಿಚ್ಚಿ ಲಾರಿಗೆ ಏರಿಸುವವರು ಇವರೇ. ಇವರಲ್ಲಿ ಬಹಳ ಮಂದಿ ಮೆಕ್ಸಿಕೋದವರು. ವೆರಾಕ್ರೂಜ್ ರಾಜ್ಯದ ತ್ಲಾಪಕೋಯಾನ್ ಎಂಬ ಒಂದೇ ಊರಿನ ಕಡೆಯಿಂದ ವರ್ಷಾವರ್ಷ ಹೋಗುವವರ ದೊಡ್ಡ ಗುಂಪೇ ಇದೆ.

ಮೊದಲು ಸಂಖ್ಯೆ ನೋಡೋಣ. ವರ್ಷಕ್ಕೆ 66,000 ವೀಸಾ. 1990ರ ಕಾನೂನು ಹಾಕಿದ ಮಿತಿ ಇದು. 2005ರಲ್ಲಿ ಇದನ್ನು ಎರಡು ಪಾಲು ಮಾಡಿದರು: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ 33,000, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 33,000. ಕಾರ್ನಿವಲ್ ಹೊರಡುವುದು ಚಳಿ ಕಳೆದ ಮೇಲೆ. ಹುಲ್ಲು ಬೆಳೆಯುವುದೂ ಆಗಲೇ, ಏಡಿ ಸಿಗುವುದೂ ಆಗಲೇ. ಎಲ್ಲರ ಕಣ್ಣೂ ಎರಡನೇ ಪಾಲಿನ ಮೇಲೆ. ಕೆಲಸ ಶುರುವಾಗುವ 75ರಿಂದ 90 ದಿನ ಮೊದಲು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬೇಕು. ಹಾಗಾಗಿ ಏಪ್ರಿಲ್ 1ಕ್ಕೆ ಜನ ಬೇಕಾದವರೆಲ್ಲ ಜನವರಿ ಶುರುವಿನಲ್ಲೇ ಮುಗಿಬೀಳುತ್ತಾರೆ. 2019ರ ಜನವರಿ 1ರಂದು ಇಲಾಖೆಯ ಆನ್‌ಲೈನ್ ವ್ಯವಸ್ಥೆಯೇ ಕುಸಿದುಬಿತ್ತು. ಆಮೇಲೆ ಅರ್ಜಿಗಳ ಸರದಿಯನ್ನು ಲಾಟರಿಯಂತೆ ಗೊತ್ತುಮಾಡುವ ಪದ್ಧತಿ ಬಂತು.

ಮಾಲೀಕರ ಕಷ್ಟ ಸುಳ್ಳಲ್ಲ. ಜನ ಬರದಿದ್ದರೆ ರೈಡ್‌ಗಳು ಲಾರಿಯಿಂದ ಇಳಿಯುವುದೇ ಇಲ್ಲ, ಮೇಳದ ಒಪ್ಪಂದ ಕೈತಪ್ಪುತ್ತದೆ. ಅವರ ಪರವಾಗಿ ವಾಷಿಂಗ್ಟನ್‌ನಲ್ಲಿ ಮಾತಾಡುವುದು ಔಟ್‌ಡೋರ್ ಅಮ್ಯೂಸ್‌ಮೆಂಟ್ ಬಿಸಿನೆಸ್ ಅಸೋಸಿಯೇಷನ್. ಕಾರ್ನಿವಲ್‌ನವರು ಒಬ್ಬರೇ ಕೇಳಿದರೆ ದನಿ ಸಣ್ಣದು. ಅದಕ್ಕೇ ಹುಲ್ಲುಹಾಸಿನವರು, ಹೋಟೆಲ್‌ನವರು, ಏಡಿ ವ್ಯಾಪಾರದವರ ಜೊತೆ ಸೇರಿ ಕೇಳುತ್ತಾರೆ. ಮೇರಿಲ್ಯಾಂಡ್‌ನ ಏಡಿ ಉದ್ಯಮದ ಪರ ನಿಂತ ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ 2005ರ ತಿದ್ದುಪಡಿಯನ್ನು ಮುಂದೆ ನಿಂತು ತಂದರು. ಹಿಂದೆ ಬಂದು ಹೋದವರನ್ನು ಮಿತಿಯೊಳಗೆ ಎಣಿಸಬೇಡಿ ಎಂಬ ವಿನಾಯಿತಿ ಅದರಲ್ಲೇ ಸಿಕ್ಕಿತು. ಆದರೆ ಅದು ಕಾಯಂ ಆಗಲಿಲ್ಲ. 2017ರಿಂದ ಬೇರೆ ದಾರಿ ಹಿಡಿದರು: ಹೆಚ್ಚುವರಿ ವೀಸಾ ಬಿಡುವ ಅಧಿಕಾರವನ್ನು ಸಂಸತ್ತು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಗೆ ಕೊಡುತ್ತಾ ಬಂದಿದೆ. 2017ರಲ್ಲಿ 15,000 ಬಿಟ್ಟರು, ಅದೂ ಜುಲೈನಲ್ಲಿ, ಅರ್ಧ ಹಂಗಾಮು ಮುಗಿದ ಮೇಲೆ. 2023ರ ಹೊತ್ತಿಗೆ ಅದು 64,716 ಆಯಿತು. ಹೆಚ್ಚುಕಡಿಮೆ ಮೂಲ ಮಿತಿಯಷ್ಟೇ ಇನ್ನೊಂದು!

ಪತ್ರಿಕೆಗಳಲ್ಲಿ ಕಾಣುವುದು ಈ ಸಂಖ್ಯೆಯ ಜಗಳ. ನಾನು ಓದಿದಂತೆ, ಕೆಲಸಗಾರರ ಹೊಟ್ಟೆಪಾಡನ್ನು ಮುಟ್ಟುವ ಸಂಗತಿ ಬೇರೆ ಕಡೆ ಇದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

2015ರ ಏಪ್ರಿಲ್‌ನಲ್ಲಿ ಸರ್ಕಾರ ಒಂದು ನಿಯಮ ತಂದಿತು, ಮುಕ್ಕಾಲು ಭಾಗದ ಖಾತರಿ ಅಂತ. ಮಾಲೀಕ ಹೇಳಿದ ಗಂಟೆಗಳಲ್ಲಿ ಮುಕ್ಕಾಲು ಪಾಲು ಕೆಲಸ ಕೊಡಲೇಬೇಕು, ಕೊಡದಿದ್ದರೆ ಅಷ್ಟರ ಸಂಬಳ ಕೊಡಬೇಕು. ಲೆಕ್ಕ ಮಾಡಿ ನೋಡಿ. ವಾರಕ್ಕೆ 35 ಗಂಟೆ ಅಂತಿಟ್ಟುಕೊಳ್ಳಿ. 12 ವಾರಕ್ಕೆ 420 ಗಂಟೆ. ಮುಕ್ಕಾಲು ಎಂದರೆ 315. ಮಳೆ ಹಿಡಿದು ಮೇಳ ನಿಂತು, ಒಬ್ಬನಿಗೆ 250 ಗಂಟೆ ಮಾತ್ರ ಕೆಲಸ ಸಿಕ್ಕಿತು ಅನ್ನಿ. ಉಳಿದ 65 ಗಂಟೆಯ ಸಂಬಳ ಅವನಿಗೆ ಸೇರಬೇಕು. ಈ ವೀಸಾ ಒಬ್ಬ ಮಾಲೀಕನಿಗೆ ಗಂಟುಹಾಕಿದ್ದು. ಮಳೆ ಬಂದ ವಾರ ಪಕ್ಕದ ಹೋಟೆಲಿಗೆ ಹೋಗಿ ಸುಮ್ನೆ ನಾಲ್ಕು ದಿನ ದುಡಿಯುವಂತಿಲ್ಲ, ಅಲ್ವಾ? ಅದಕ್ಕೇ ಈ 65 ಗಂಟೆ ಅಷ್ಟು ದೊಡ್ಡದು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರದ ವರ್ಷದ ಖರ್ಚಿನ ಮಸೂದೆಯೊಳಗೆ ಒಂದು ಸಾಲು ಸೇರಿತು. ಮುಕ್ಕಾಲು ಭಾಗದ ಖಾತರಿಯನ್ನು ಜಾರಿ ಮಾಡಲು ಕಾರ್ಮಿಕ ಇಲಾಖೆ ಹಣ ಖರ್ಚು ಮಾಡಬಾರದು ಅಂತ. ಇಂಥ ಸಾಲನ್ನು ಅಲ್ಲಿ ರೈಡರ್ ಎನ್ನುತ್ತಾರೆ. ನಿಯಮ ಪುಸ್ತಕದಲ್ಲಿ ಹಾಗೇ ಉಳಿಯಿತು, ಅದನ್ನು ಪಾಲಿಸಿ ಎಂದು ಹೇಳಬೇಕಾದ ಇಲಾಖೆಯ ಕೈ ಕಟ್ಟಿಹಾಕಿದರು. ಮುಂದಿನ ವರ್ಷಗಳ ಮಸೂದೆಗಳಲ್ಲೂ ಅದೇ ಸಾಲು ಬಂತು. ಇದನ್ನು ಮೊದಲು ಓದಿದಾಗ ನನಗೆ ತುಂಬಾ ಬೇಜಾರಾಯಿತು.

ಓವರ್‌ಟೈಮ್ ಬಗ್ಗೆ ಚಿಕ್ಕದಾಗಿ: ವರ್ಷಕ್ಕೆ ಏಳು ತಿಂಗಳಿಗಿಂತ ಹೆಚ್ಚು ನಡೆಯದ ಮನರಂಜನಾ ಸಂಸ್ಥೆಗಳಿಗೆ ಫೆಡರಲ್ ಕಾನೂನಿನ ಓವರ್‌ಟೈಮ್ ನಿಯಮದಿಂದ ವಿನಾಯಿತಿ ಇದೆ. ಕಾರ್ನಿವಲ್‌ನವರು ಹಿಡಿದುಕೊಳ್ಳುವುದು ಇದನ್ನೇ. 2013ರಲ್ಲಿ ಅಮೆರಿಕನ್ ಯೂನಿವರ್ಸಿಟಿಯ ಕಾನೂನು ವಿದ್ಯಾರ್ಥಿಗಳು ಒಂದು ವಲಸೆ ಕಾರ್ಮಿಕ ಸಂಸ್ಥೆಯ ಜೊತೆ ಸೇರಿ ಈ ಕೆಲಸಗಾರರನ್ನು ಮಾತಾಡಿಸಿದರು. ಮುಗಿಯದ ದುಡಿಮೆ, ಕಡಿಮೆ ಸಂಬಳ, ಇಕ್ಕಟ್ಟಿನ ಟ್ರೇಲರ್‌ಗಳಲ್ಲಿ ವಾಸ, ಇವೇ ಅವರಿಗೆ ಕಂಡಿದ್ದು.

ಹೊಸ ಖರ್ಚಿನ ಮಸೂದೆ ಬಂದಾಗ ಎರಡು ಕಡೆ ಹುಡುಕಿ. ಹೆಚ್ಚುವರಿ ವೀಸಾದ ಸಾಲು ಎಲ್ಲಿದೆ ಅಂತ ಎಲ್ಲರೂ ಬರೆಯುತ್ತಾರೆ, ಸುಲಭವಾಗಿ ಸಿಗುತ್ತದೆ. ಕಾರ್ಮಿಕ ಇಲಾಖೆಯ ಹಣದ ಭಾಗದಲ್ಲಿ ಆ ಮುಕ್ಕಾಲು ಭಾಗದ ಸಾಲು ಈ ಸಲವೂ ಇದೆಯಾ ಅಂತ ನೀವೇ ತೆರೆದು ನೋಡಬೇಕು.