ಎರಡು ಸಬ್‌ವೂಫರ್, ಒಂದು ಆಂಪ್ಲಿಫೈಯರ್: ವೈರ್ ಜೋಡಿಸುವ ಮುನ್ನ ಓಮ್ ಲೆಕ್ಕ

ಓದುಗರ ಪ್ರಶ್ನೆ: ನನ್ನ ಕಾರಿನ ಡಿಕ್ಕಿಯಲ್ಲಿ 12 ಇಂಚಿನ ಎರಡು ಸಬ್‌ವೂಫರ್‌ಗಳಿವೆ. ಎರಡಕ್ಕೂ 4 ಓಮ್‌ನ (ಓಮ್ ಎಂದರೆ ವಿದ್ಯುತ್ ಹರಿವಿಗೆ ಇರುವ ತಡೆಯ ಅಳತೆ) ತಲಾ ಎರಡು ಕಾಯಿಲ್, ಅಂದರೆ ಸ್ಪೀಕರನ್ನು ಅಲುಗಿಸುವ ತಂತಿ ಸುರುಳಿ. ಆಂಪ್ಲಿಫೈಯರ್ ಮಾನೊ, 4 ಓಮ್‌ಗೆ 300 ವಾಟ್, 2 ಓಮ್‌ಗೆ 500 ವಾಟ್ ಎಂದು ಅದರ ಮೇಲಿದೆ. ಜೋಡಿಸಿದವರು ಪ್ರತಿ ಸಬ್‌ವೂಫರ್‌ನ ಪ್ಲಸ್‌ಗಳನ್ನು ಒಟ್ಟಿಗೆ, ಮೈನಸ್‌ಗಳನ್ನು ಒಟ್ಟಿಗೆ ಸೇರಿಸಿ, ಒಂದನ್ನು ಆಂಪ್ಲಿಫೈಯರ್‌ನ ಮೊದಲ ಜೋಡಿ ಟರ್ಮಿನಲ್‌ಗೆ, ಇನ್ನೊಂದನ್ನು ಎರಡನೆಯ ಜೋಡಿಗೆ ಕೊಟ್ಟಿದ್ದಾರೆ. ಜೋರಾಗಿ ಹಾಕಿದರೆ ಕಾಲು ಗಂಟೆಯೊಳಗೆ ಕೆಂಪು ದೀಪ ಹತ್ತಿ ಸದ್ದು ನಿಲ್ಲುತ್ತದೆ. ಆಂಪ್ಲಿಫೈಯರ್ ಬದಲಾಯಿಸಬೇಕೇ?

ಉತ್ತರ: ಬೇಡ. ನೀವು ಹೇಳಿದ ಜೋಡಣೆಯನ್ನು ನೋಡಿದರೆ ಆಂಪ್ಲಿಫೈಯರ್ ಸುಟ್ಟುಹೋಗದಂತೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಸರಿಪಡಿಸಬೇಕಾದದ್ದು ವೈರಿಂಗ್.

ಎಡವಟ್ಟಿನ ಮೂಲ ಆ ಎರಡು ಜೋಡಿ ಟರ್ಮಿನಲ್‌ಗಳು. ಅವನ್ನು ನೋಡಿದವರಿಗೆ ಎರಡು ಪ್ರತ್ಯೇಕ ಚಾನೆಲ್‌ಗಳಿವೆ ಎಂದು ತೋರುವುದು ಸಹಜ. ಆದರೆ ಮಾನೊ ಆಂಪ್ಲಿಫೈಯರ್‌ಗೆ ಇರುವುದು ಒಂದೇ ಚಾನೆಲ್. ಸಾಮಾನ್ಯವಾಗಿ ಎರಡು ಪ್ಲಸ್‌ಗಳೂ ಒಳಗೆ ಒಂದಕ್ಕೊಂದು ಸೇರಿರುತ್ತವೆ, ಮೈನಸ್‌ಗಳೂ ಹಾಗೆಯೇ. ಎರಡನೆಯ ಜೋಡಿ ಕೊಟ್ಟಿರುವುದು ವೈರ್ ಸಿಕ್ಕಿಸುವ ಅನುಕೂಲಕ್ಕೆ ಮಾತ್ರ. 4 ಓಮ್‌ನ ಎರಡು ಕಾಯಿಲ್‌ಗಳು ಸಮಾಂತರವಾಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಸೇರಿರುವುದರಿಂದ ನಿಮ್ಮ ಪ್ರತಿ ಸಬ್‌ವೂಫರ್ 2 ಓಮ್ ಆಗಿದೆ. ಅಂಥ ಎರಡು ಆಂಪ್ಲಿಫೈಯರ್‌ನ ಒಳಗೆ ಸಮಾಂತರವಾಗಿ ಕೂಡಿದಾಗ ಉಳಿಯುವುದು 1 ಓಮ್.

2 ಓಮ್‌ಗೆ 500 ವಾಟ್ ಕೊಡಲು ಸುಮಾರು 32 ವೋಲ್ಟ್, 16 ಆಂಪಿಯರ್ ಸಾಕು. ಅದೇ ವೋಲ್ಟೇಜ್‌ನಲ್ಲಿ 1 ಓಮ್ ಎದುರಾದರೆ 32 ಆಂಪಿಯರ್ ಹರಿಯಬೇಕಾಗುತ್ತದೆ. ಪ್ರವಾಹ ಎರಡು ಪಟ್ಟಾದಾಗ ಟ್ರಾನ್ಸಿಸ್ಟರ್‌ಗಳ ಆಂತರಿಕ ರೋಧದಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಕಾಲು ಗಂಟೆ ತಡೆದದ್ದೇ ಆ ಆಂಪ್ಲಿಫೈಯರ್‌ನ ಗಟ್ಟಿತನ.

ಈಗ ಲೆಕ್ಕ. ಸಮಾನ ಓಮ್‌ನ ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ (ಒಂದರ ಮೈನಸ್ ಇನ್ನೊಂದರ ಪ್ಲಸ್‌ಗೆ) ಜೋಡಿಸಿದರೆ ಓಮ್ ಇಮ್ಮಡಿ, ಸಮಾಂತರವಾಗಿ ಜೋಡಿಸಿದರೆ ಅರ್ಧ. ನಿಮ್ಮಲ್ಲಿರುವುದು 4 ಓಮ್‌ನ ನಾಲ್ಕು ಕಾಯಿಲ್. ನಾಲ್ಕಕ್ಕೂ ಸಮನಾಗಿ ಶಕ್ತಿ ಹಂಚಿಕೆಯಾಗಬೇಕೆಂದರೆ ಬರುವ ಮೊತ್ತ ಮೂರೇ: ಎಲ್ಲವೂ ಸಮಾಂತರವಾದರೆ 1, ಎಲ್ಲವೂ ಸರಣಿಯಾದರೆ 16, ಎರಡನ್ನೂ ಬೆರೆಸಿದರೆ 4. ನೀವು ಏನು ಮಾಡಿದರೂ 2 ಓಮ್ ಬರುವುದಿಲ್ಲ. 2 ಓಮ್‌ನ ಜೋಡಿ ಕಾಯಿಲ್ ಇರುವ ಸಬ್‌ವೂಫರ್‌ಗಳನ್ನು ತಂದಿದ್ದರೆ ಇದೇ ಲೆಕ್ಕ 0.5, 2 ಮತ್ತು 8 ಓಮ್ ಕೊಡುತ್ತಿತ್ತು, ನಿಮ್ಮ ಆಂಪ್ಲಿಫೈಯರ್‌ಗೆ ಹೇಳಿ ಮಾಡಿಸಿದಂತಿರುತ್ತಿತ್ತು. ಇನ್ನೂ ಕೊಳ್ಳದವರು ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಬಿಡಿಭಾಗಗಳ ಅಂಗಡಿಗಳಿಗೆ ಹೋಗುವ ಮುನ್ನ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಇಂಚು, ವಾಟ್, ಬಣ್ಣ ಎಲ್ಲವನ್ನೂ ವಿಚಾರಿಸುವವರು ಕಾಯಿಲ್‌ನ ಓಮ್ ಕೇಳುವುದನ್ನೇ ಬಿಡುತ್ತಾರೆ.

ಹಾಗಾಗಿ ನಿಮಗೆ 4 ಓಮ್ ಜೋಡಣೆಯೇ ಸರಿ. ಬ್ಯಾಟರಿಯ ಮೈನಸ್ ಕಳಚಿಟ್ಟು ಕೆಲಸ ಆರಂಭಿಸಿ. ಒಂದು ಸಬ್‌ವೂಫರ್‌ನ ಮೊದಲ ಕಾಯಿಲ್‌ನ ಮೈನಸ್ಸನ್ನು ಅದರದೇ ಎರಡನೆಯ ಕಾಯಿಲ್‌ನ ಪ್ಲಸ್‌ಗೆ ತುಂಡು ವೈರಿನಿಂದ ಸೇರಿಸಿ. ಉಳಿದ ಒಂದು ಪ್ಲಸ್, ಒಂದು ಮೈನಸ್‌ಗಳ ನಡುವೆ ಈಗ 8 ಓಮ್ ಇರುತ್ತದೆ. ಇನ್ನೊಂದಕ್ಕೂ ಹೀಗೆಯೇ ಮಾಡಿ. ಬಳಿಕ ಒಂದೊಂದನ್ನು ಆಂಪ್ಲಿಫೈಯರ್‌ನ ಒಂದೊಂದು ಜೋಡಿ ಟರ್ಮಿನಲ್‌ಗೆ ಕೊಡಿ. ಎರಡು 8 ಓಮ್‌ಗಳು ಸಮಾಂತರವಾಗಿ ಸೇರಿ 4 ಆಗುತ್ತವೆ.

ಮೊದಲು ಕಾಯಿಲ್‌ಗಳನ್ನು ಸಮಾಂತರಗೊಳಿಸಿ, ಆಮೇಲೆ ಎರಡು ಸಬ್‌ವೂಫರ್‌ಗಳನ್ನು ಸರಣಿಯಾಗಿಸಿದರೂ 4 ಓಮ್ ಬರುತ್ತದೆ. ಆದರೂ ನಾನು ಹೇಳುವುದು ಮೊದಲ ವಿಧಾನವನ್ನೇ. ಡಿಕ್ಕಿಯಲ್ಲಿ ಸಾಮಾನು ತಾಗಿ ಒಂದು ಸಬ್‌ವೂಫರ್‌ನ ವೈರ್ ಕಳಚಿದರೆ ಇನ್ನೊಂದು ಹಾಡುತ್ತಲೇ ಇರುತ್ತದೆ, ಆಂಪ್ಲಿಫೈಯರ್‌ಗೆ 8 ಓಮ್ ಕಾಣುತ್ತದೆ, ಅಪಾಯವಿಲ್ಲ. ಎರಡನೆಯ ವಿಧಾನದಲ್ಲಿ ಎರಡೂ ಒಟ್ಟಿಗೆ ಮೌನವಾಗುತ್ತವೆ, ತಪ್ಪು ಎಲ್ಲಿ ಎಂದು ಹುಡುಕುವುದೂ ಕಷ್ಟ.

500 ವಾಟ್ ಬಿಟ್ಟು 300ಕ್ಕೆ ಇಳಿಯುವುದು ಬೇಸರ ಅನ್ನಿಸಬಹುದು. ಇವೆರಡರ ನಡುವಿನ ವ್ಯತ್ಯಾಸ ಸುಮಾರು 2 ಡೆಸಿಬೆಲ್. ನಮ್ಮ ಕಿವಿಗೆ ಸದ್ದು ಎರಡು ಪಟ್ಟು ಎನ್ನಿಸಲು 10 ಡೆಸಿಬೆಲ್ ಬೇಕು. ಕಡಿಮೆ ಓಮ್ ಎಂದರೆ ಒಳ್ಳೆಯ ಬಾಸ್ ಎಂಬ ನಂಬಿಕೆ ಎಷ್ಟೋ ಆಂಪ್ಲಿಫೈಯರ್‌ಗಳನ್ನು ಬಲಿ ತೆಗೆದುಕೊಂಡಿದೆ. 4 ಓಮ್‌ನಲ್ಲಿ ಆಂಪ್ಲಿಫೈಯರ್ ತಣ್ಣಗಿರುತ್ತದೆ, ಬ್ಯಾಟರಿಯ ಮೇಲೆ ಹೊರೆ ಕಡಿಮೆ, ಸದ್ದು ಒಡೆಯುವುದೂ ಕಡಿಮೆ.

ಪ್ಲಸ್, ಮೈನಸ್ ಅದಲು ಬದಲಾಗದಂತೆ ಎಚ್ಚರ ವಹಿಸಿ. ಒಂದು ಸಬ್‌ವೂಫರ್‌ನ ಕೋನ್ (ಅಲುಗಿ ಸದ್ದು ಹೊರಡಿಸುವ ಪರದೆ) ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿದರೆ ಅವು ಹೊರಡಿಸುವ ಅಲೆಗಳು ಪರಸ್ಪರ ರದ್ದಾಗುತ್ತವೆ, ಬಾಸ್ ಬಹುಪಾಲು ಮಾಯವಾಗುತ್ತದೆ. ಇದು ಗೊತ್ತಿಲ್ಲದೆ ಆಂಪ್ಲಿಫೈಯರ್‌ನ ಗೇನ್ (ಒಳಬರುವ ಸಂಕೇತವನ್ನು ಹಿಗ್ಗಿಸುವ ಗುಂಡಿ) ತಿರುಗಿಸುತ್ತಾ ಹೋದರೆ ಕಾಯಿಲ್ ಸುಡುತ್ತದೆ. ಆಂಪ್ಲಿಫೈಯರ್‌ಗೆ ಕೊಡುವ ಮೊದಲು ಒಂದೊಂದು ಸಬ್‌ವೂಫರ್‌ನ ವೈರ್ ತುದಿಗೆ 1.5 ವೋಲ್ಟ್‌ನ ಟಾರ್ಚ್ ಸೆಲ್ ಅನ್ನು ಕ್ಷಣಮಾತ್ರ ತಾಗಿಸಿ. ಸೆಲ್‌ನ ಪ್ಲಸ್ ವೈರಿನ ಪ್ಲಸ್‌ಗೆ ತಗುಲಿದಾಗ ಎರಡೂ ಕೋನ್‌ಗಳು ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹೊರಗೆ, ಚಲಿಸಬೇಕು.

ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಎರಡೂ ಸಬ್‌ವೂಫರ್‌ಗಳ ವೈರ್ ತುದಿಗಳನ್ನು ಕೂಡಿಸಿ ಅಳೆದರೆ ಸರಿಯಾಗಿ 4 ಬರದು, 3.2ರಿಂದ 3.8ರ ನಡುವೆ ತೋರಿಸುವುದು ವಾಡಿಕೆ. ಮೀಟರ್ ಅಳೆಯುವುದು ತಂತಿಯ ನೇರ ರೋಧವನ್ನು, ಅದು ನಮೂದಿಸಿದ ಓಮ್‌ಗಿಂತ ತುಸು ಕಡಿಮೆಯೇ ಇರುತ್ತದೆ. 1ರ ಆಸುಪಾಸು ಬಂದರೆ ಹಳೆಯ ಜೋಡಣೆ ಇನ್ನೂ ಉಳಿದಿದೆ ಎಂದರ್ಥ.

ಮಾನೊ ಅಲ್ಲದೆ ಎರಡು ಚಾನೆಲ್‌ನ ಆಂಪ್ಲಿಫೈಯರ್ ಅನ್ನು ಬ್ರಿಡ್ಜ್ ಮಾಡಿ (ಎರಡೂ ಚಾನೆಲ್‌ಗಳನ್ನು ಒಂದಾಗಿಸಿ) ಬಳಸುವವರಿಗೂ ಒಂದು ಮಾತು. ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೆ ಕಾಣುವುದು ಕೊಟ್ಟ ಓಮ್‌ನ ಅರ್ಧದಷ್ಟು: 4 ಓಮ್ ಕೊಟ್ಟರೆ ತಲಾ 2, 2 ಓಮ್ ಕೊಟ್ಟರೆ ತಲಾ 1. ಬಹುತೇಕ ಕೈಪಿಡಿಗಳು ಬ್ರಿಡ್ಜ್‌ಗೆ ಕನಿಷ್ಠ 4 ಓಮ್ ಎಂದು ಹೇಳುವುದು ಇದಕ್ಕೇ. ಮೇಲೆ ಹೇಳಿದ ಜೋಡಣೆ ಅಲ್ಲಿಗೂ ಹೊಂದುತ್ತದೆ.